ಡಾಕ್ಟರು ಬರುವ ಹೊತ್ತು

ಫ್ರೀಮ್ಯಾಂಟಲ್‌ನಲ್ಲಿ ಮಧ್ಯಾಹ್ನದ ಗಾಳಿಗೆ
ಡಾಕ್ಟರೆಂದು ಹೆಸರು.
ಲಾಂಡ್ರಿಗೆ ಸೇರಿದ ಮೊದಲ ವಾರ ಅದು ತಿಳಿಯದೆ,
'ತಡಿ, ಡಾಕ್ಟರು ಬರಲಿ' ಎಂದು ಅಸುಂತಾ ಅಂದಾಗ
ಯಾರಿಗೆ ಹುಷಾರಿಲ್ಲ ಅಂತ ಸುತ್ತ ನೋಡಿದ್ದೆ.

ತಗಡಿನ ಮಾಡು. ಇಸ್ತ್ರಿಯ ಉಗಿ. ಜನವರಿ.
ಹೋಟೆಲುಗಳಿಂದ ಬಂದ ಇನ್ನೂರು ಬಿಳಿ ಬೆಡ್‌ಶೀಟು.
ಎಸಿ ಹಾಕಿಸು ಅಂದರೆ ಕೈ ಆಡಿಸುತ್ತಾಳೆ ಮುದುಕಿ:
ಬಿಟ್ಟಿ ಬರುವವನಿರುವಾಗ ಬಿಲ್ಲು ಯಾಕೆ?
ನನ್ನ ಹೆಸರು ನಿಂಗವ್ವ. ಅವಳ ನಾಲಿಗೆಗೆ ಅದು
'ನೀನಾ' ಎಂದಷ್ಟೇ ಹೊರಳುತ್ತದೆ.
ದಿನಕ್ಕೆ ನಲವತ್ತು ಸಲ ನೀನಾ, ನೀನಾ.
ನಲವತ್ತು ಸಲವೂ ಒಳಗೊಳಗೇ ಓಗೊಡುತ್ತೇನೆ:
ಹೌದವಾ, ನಾನಽ.

ಬೆಳಗಿನಿಂದ ಮೂಡಣ ಗಾಳಿ, ಮರುಭೂಮಿಯ ಕಡೆಯದು,
ರೊಟ್ಟಿಹಂಚಿನ ಮೇಲೆ ಬಾಗಿದಾಗ ಮುಖಕ್ಕೆ ಬಡಿಯುವಂಥದು.
ಊಟದ ಬಿಡುವಿನಲ್ಲಿ ಬರಿಗಾಲಲ್ಲಿ ದಂಡೆಗಿಳಿದೆ.
ಮರಳು ಕೆಂಡ. ಕುಣಿಯುತ್ತ ಓಡಿ ನೀರಿಗೆ ಕಾಲಿಟ್ಟರೆ
ಮೊಣಕಾಲತನಕ ಜುಮ್ಮೆಂದಿತು.
ಹನ್ನೆರಡು ಹೆಜ್ಜೆಯ ಅಂತರ. ಸೂರ್ಯ ಒಬ್ಬನೇ,
ಐದೂವರೆಯಿಂದ ಇಬ್ಬರಿಗೂ ಒಂದೇ ಸೌಟಿನಲ್ಲಿ ಬಡಿಸಿದ್ದಾನೆ.
ಮರಳಿಗೆ ಸಿಟ್ಟು ಮೂಗಿನ ತುದಿಯಲ್ಲೇ;
ಪಡೆದದ್ದನ್ನೆಲ್ಲ ಚರ್ಮದ ಮೇಲಿಟ್ಟುಕೊಂಡು ಉರಿಯುತ್ತದೆ.
ಕಡಲು ಹೊಟ್ಟೆಗೆ ಹಾಕಿಕೊಳ್ಳುತ್ತದೆ,
ಕಲಕಿ ಕೆಳಗಿಳಿಸಿ, ಮಾರ್ಚಿನವರೆಗೆ
ಯಾರಿಗೂ ಹೇಳುವುದಿಲ್ಲ.

ಕಾದ ನೆಲದ ಮೇಲಿನ ಗಾಳಿ
ಎಣ್ಣೆಯಲ್ಲಿ ಬಿಟ್ಟ ಪೂರಿಯ ಹಾಗೆ
ಉಬ್ಬಿ, ಹಗುರಾಗಿ, ಎದ್ದು ಹೋಗುತ್ತದೆ.
ಎದ್ದವನ ಜಾಗ ಖಾಲಿ ಇರುವುದುಂಟೇ?
ಗದಗಿನ ಬಸ್‌ಸ್ಟ್ಯಾಂಡು ಕಂಡವಳಿಗೆ
ಇದನ್ನು ಯಾರೂ ಕಲಿಸಬೇಕಿಲ್ಲ:
ಕಿಟಕಿಯಿಂದ ಟವೆಲ್ಲು ಎಸೆದು, ಮೊಣಕೈಯಲ್ಲಿ ತಿವಿದು
ಕಡಲ ಮೇಲಿನ ತಣ್ಣನೆಯ, ಭಾರದ ಗಾಳಿ
ಒಳನುಗ್ಗುತ್ತದೆ.

ಅಸುಂತಾಳ ಗೋಡೆಗೆ ಹಿತ್ತಾಳೆಯ ವಾಯುಭಾರಮಾಪಕ,
ಅವಳಪ್ಪನ ಮೀನುದೋಣಿಯದು, ಗಾಜು ಸೀಳಿದೆ.
ಎರಡು ಬೆರಳಿಂದ ತಟ್ಟುತ್ತಾಳೆ,
ಹಾಲು ಕುಡಿದ ಕೂಸಿನ ಬೆನ್ನು ತಟ್ಟಿದಂತೆ.
ಮುಳ್ಳು ಕೂದಲೆಳೆಯಷ್ಟು ಇಳಿದರೂ ಸಾಕು,
ಪಡುವಣ ಬಾಗಿಲ ಅಗುಳಿ ತೆಗೆ ಎಂದು ಸನ್ನೆ.
ಗಾಳಿ ಬಾರದ ದಿನ ಅವಳಪ್ಪ ಸಿಳ್ಳೆ ಹಾಕುತ್ತಿದ್ದನಂತೆ.
ನಮ್ಮಪ್ಪನೂ, ಅಂದೆ. ಕಣದಲ್ಲಿ, ಜೋಳದ ರಾಶಿಯ ಮುಂದೆ,
ಮೊರ ಎತ್ತಿ ಹಿಡಿದ ಕೈ ನಡುಗುವವರೆಗೆ.
ಗಾಳಿ ಬಂದಾಗ ತೂರಿಕೋ ಅನ್ನುವುದು ಸುಲಭ;
ಬಾರದಾಗ ಏನು ಮಾಡಬೇಕೆಂದು
ಗಾದೆ ಕಟ್ಟಿದವರು ಹೇಳಿ ಹೋಗಲಿಲ್ಲ.

ಆ ಮಂಗಳವಾರ ಬರಲಿಲ್ಲ.
ಎರಡು ಗಂಟೆ. ಮೂರು. ನಲವತ್ಮೂರು ಡಿಗ್ರಿ.
ನೆಲದ ಮೇಲೆ ಕೂರಬೇಕಿದ್ದ ಕಡಿಮೆ ಒತ್ತಡ
ಕಡಲಿಗೇ ಹೋಗಿ ಕೂತಿದೆಯೆಂದು ರೇಡಿಯೋ.
ಬಂದರಿನ ಬಾವುಟಗಳು ದಿನವಿಡೀ
ನೀರಿನ ಕಡೆಗೇ ಕೈ ಚಾಚಿದ್ದವು.
ಥುಯ್ ನಿಂತಲ್ಲೇ ತೂಕಡಿಸಿ ಒಂದು ಶೀಟು ಸುಟ್ಟಳು,
ಇಸ್ತ್ರಿಪೆಟ್ಟಿಗೆಯಾಕಾರದ ಕಂದು ಕಲೆ.
ಬೈಯಲು ಯಾರಲ್ಲೂ ತ್ರಾಣವಿರಲಿಲ್ಲ.
ಒದ್ದೆ ಬಟ್ಟೆ ಹೆಗಲಿಗೆ ಸುತ್ತಿಕೊಂಡು ಅಸುಂತಾ
ಮಾಪಕವನ್ನು ತಟ್ಟಿದಳು, ಮತ್ತೆ ತಟ್ಟಿದಳು.
'ಎಸಿ?' ಅಂದೆ.
'ಎಸಿ,' ಅಂದಳು, ಗಂಡನ ಹೆಸರು ಹೇಳಿದಷ್ಟು ಸಣ್ಣಗೆ.

ಒಂಬತ್ತಕ್ಕೆ ದೀಪ ಆರಿಸಿ ಬೀಗ ಹುಡುಕುತ್ತಿದ್ದೆ.
ರಾಶಿಯ ಮೇಲಿನ ಶೀಟೊಂದು
ಮೂಲೆ ಎತ್ತಿತು.
ಬಿದ್ದಿತು.
ಮತ್ತೆ ಎತ್ತಿತು.
ಉಪ್ಪಿನ ವಾಸನೆ. ಬಾಗಿಲು ತಾನೇ ತೆರೆದು
ಗೋಡೆಗೆ ಬಡಿದ ಸದ್ದಿಗೆ
ಕುರ್ಚಿಯಲ್ಲಿ ಮುದುಕಿ, ಕಣ್ಣು ಬಿಡದೆಯೇ,
'ನೀನಾ?' ಅಂದಳು.

ಈ ಸಲ ಉತ್ತರ ನನ್ನದಲ್ಲವೆಂದು
ಸುಮ್ಮನೆ ನಿಂತೆ.