ಸುಳಿ ಬಿಟ್ಟು

ಮಳೆಯಲ್ಲಿ ಕೊಯ್ಯಬಾರದು ಹರಕೆಕೆಯನ್ನು,
ಕತ್ತಲಾದ ಮೇಲೂ ಕೂಡದು.
ಮೂರು ದಿನ ಕಾದೆ, ಪಾರೆಹುಯಾ,
ನಿನ್ನ ಹೊಟ್ಟೆ ಕಾಯದೆ ಹೋದರೆ ಎಂಬ ದಿಗಿಲಲ್ಲಿ.

ಇವತ್ತು ವೈರೋವಾ ಹೊಳೆಯ ಮೇಲೆ ಬಿಸಿಲು.
ನಡುವಿನ ಸುಳಿ ಮಗು,
ಅದನ್ನು ತಬ್ಬಿ ನಿಂತ ಎರಡು ಎಲೆ ತಾಯಿ ತಂದೆ.
ಆ ಮೂವರನ್ನು ಮುಟ್ಟದೆ
ಹೊರಗಿನ ಅಜ್ಜ ಅಜ್ಜಿಯರನ್ನಷ್ಟೇ
ಓರೆಯಾಗಿ ಕೊಯ್ದು ತಂದೆ.
ಅಜ್ಜಿಯರು ಇರುವುದು ಅದಕ್ಕೇ ತಾನೆ.

ಗ್ಯಾರೇಜಿನ ನೆಲದಲ್ಲಿ ಕೂತು ಹೆಣೆಯುತ್ತಿದ್ದೇನೆ,
ಒಂದು ಮೇಲೆ, ಒಂದು ಕೆಳಗೆ,
ಮಂಡಿ ನೋವು, ರೇಡಿಯೊದಲ್ಲಿ ರಗ್ಬಿ.
ನೀನು ನಗುತ್ತೀಯ: ಅಂಗಡಿಯಲ್ಲಿ ಸಿಗುವುದಿಲ್ಲವೇ ತೊಟ್ಟಿಲು?
ಸಿಗುತ್ತದೆ. ಆದರೆ ಮಗುವನ್ನು ಇನ್ನೊಂದು ಕೋಣೆಗೆ ಕಳಿಸಿ
ಕಣ್ಣು ಮುಚ್ಚುವ ಹೆಂಗಸಲ್ಲ ನೀನು.
ಈ ವಹಕುರವನ್ನು ನಿನ್ನ ಹಾಸಿಗೆಯ ಮೇಲೆಯೇ ಇಟ್ಟುಕೊ,
ಕೈ ಚಾಚಿದರೆ ಸಿಗುವಷ್ಟು ಹತ್ತಿರ,
ನಿದ್ದೆಯಲ್ಲಿ ಹೊರಳಿದರೂ ಅಂಚು ತಡೆಯುವಷ್ಟು ದೂರ.

ದಿಂಬು ಬೇಡ. ಗೊಂಬೆ ಬೇಡ.
ನನ್ನ ತಂಗಿ ಹೆಣೆದು ಕಳಿಸಿದ ದಪ್ಪ ಉಣ್ಣೆ ಕಂಬಳಿ
ನಿನ್ನ ಕಾಲಿಗಿರಲಿ, ಅವಳಿಗೆ ಹೇಳಬೇಡ.
ತಾಮತಿಗೆ ಸಿಗರೇಟಿನ ಮಾತು ನಾನೇ ಹೇಳುತ್ತೇನೆ,
ನೀನು ಹೇಳಿದರೆ ಜಗಳವಾಗುತ್ತದೆ,
ನನಗಾದರೆ ತಲೆ ತಗ್ಗಿಸುತ್ತಾನೆ.

ಮತ್ತೆ, ಅಂಗಾತ.
ರಾತ್ರಿ ಹಗಲು, ಐದು ನಿಮಿಷದ ಜೋಂಪಿಗೂ ಅಂಗಾತ.

ನನಗಾಗ ಇಪ್ಪತ್ತೊಂದು.
ಬೋರಲು ಮಲಗಿಸು, ಹಾಲು ಕಕ್ಕಿದರೆ ಉಸಿರು ಕಟ್ಟದು
ಅಂದಿದ್ದಳು ಬಿಳಿ ಮೇಜೋಡಿನ ನರ್ಸು.
ಸುಳ್ಳಲ್ಲ, ಆಗ ಅವಳಿಗೆ ಗೊತ್ತಿದ್ದೇ ಅಷ್ಟು.
ಹೇಳಿದ ಹಾಗೆ ಕೇಳಿದೆ.
ಬೆಳಗ್ಗೆ ಹಾಲಿಗೆ ಅಳಲಿಲ್ಲ,
ಎಷ್ಟು ಒಳ್ಳೆಯ ಮಗು ಎಂದುಕೊಂಡು
ಬಟ್ಟೆ ಒಣಹಾಕಿ ಒಳಗೆ ಬಂದೆ.

ಕಂಡದ್ದು ಮುಖವಲ್ಲ,
ನೆತ್ತಿಯ ಸುಳಿ.

ಎಡಕ್ಕೆ ತಿರುಗಿತ್ತು ಅದು.
ನಿನ್ನಮ್ಮನದು ಬಲಕ್ಕೆ. ನಿನ್ನದೂ.

ಯಾರೂ ಬೈಯಲಿಲ್ಲ.
ಪೊಲೀಸಿನವನು ಬಂದು ತೊಟ್ಟಿಲ ಅಳತೆ ಬರೆದುಕೊಂಡ,
ಟೋಪಿ ಕಂಕುಳಲ್ಲಿ, ಪೆನ್ಸಿಲು ಎರಡು ಸಲ ಮುರಿಯಿತು.
ನಲವತ್ತೆಂಟು ವರ್ಷ,
ಇದು ನಿನ್ನಮ್ಮನಿಗೂ ಹೇಳಿಲ್ಲ.

ಹಿಡಿ, ಈ ಅಂಚು ಎಳೆದು ಹಿಡಿ, ಇನ್ನೂ ಬಿಗಿ.
ಇದರಲ್ಲಿ ಮಲಗುವವರ ಸುಳಿ ಎತ್ತ ತಿರುಗಿದೆಯೆಂದು
ನನಗೆ ಗೊತ್ತಾಗುವುದು ನಿಧಾನವಾಗಲಿ.
ರಾತ್ರಿ ಎದ್ದು ಬಂದಾಗ ಮುಖ ಕಾಣಲಿ.

ಆ ಚೂರುಗಳನ್ನು ಗುಡಿಸಬೇಡ.
ಒಲೆಗೆ ಹಾಕಬಾರದು ಅವನ್ನು,
ಗಿಡದ ಬುಡಕ್ಕೇ ಒಯ್ದು ಹಾಕಬೇಕು.
ಕೈ ಕೊಡು, ಏಳುತ್ತೇನೆ.