ತಾತಂದಿರ ವ್ಯಾಪಾರಿ

ತಾತನಿಗೆ ಮೂರು ಬೆಳ್ಳಿ.
ಅಜ್ಜಿಯಾದರೆ ಎರಡೇ ಸಾಕು,
ಅವಳಿಗೆ ಯುದ್ಧದಲ್ಲಿ ಸಾಯುವ ಖರ್ಚಿಲ್ಲ.
ನಾನು ಫೈಟ್. ನೆಕ್ಕರ್ ಹೊಳೆಯ ದಂಡೆಯಲ್ಲಿ
ಕಂಡವರ ವಂಶಾವಳಿ ಬರೆದು
ಹೊಟ್ಟೆ ಹೊರೆದವನು.

ನಮ್ಮ ಕಡೆ ಭರ್ಜಿ ಕಾಳಗಕ್ಕೆ ಇಳಿಯಬೇಕಾದರೆ
ತಂದೆಯ ಕಡೆ ಇಬ್ಬರು, ತಾಯಿಯ ಕಡೆ ಇಬ್ಬರು,
ನಾಲ್ವರೂ ಕುಲೀನರೆಂದು ಚರ್ಮದ ಹಾಳೆ ಸಾರಬೇಕು.
ಒಬ್ಬನೇ ಒಬ್ಬ ಉಪ್ಪು ಮಾರಿದ್ದನೋ, ಮುಗಿಯಿತು:
ಕವಚ ಸಮೇತ ನಿಮ್ಮನ್ನೆತ್ತಿ
ಬೇಲಿಯ ಮೇಲೆ ಕೂರಿಸುತ್ತಾರೆ,
ಒದ್ದೆ ಬಟ್ಟೆ ಹರವಿದ ಹಾಗೆ.

ಕಾಗೆಬಂಡೆಯ ಐಟೆಲ್‌ಗೆ ನನ್ನ ಸರಕು ಬೇಕಿರಲಿಲ್ಲ.
ನಾಲ್ಕಲ್ಲ, ಹದಿನಾರು ಪೂರ್ವಜರು ಅವನಿಗೆ,
ಹದಿನಾರೂ ಕೊಕ್ಕೆ ಮೂಗು.
ಇಲ್ಲದ್ದು ಒಂದೇ, ಕುದುರೆ.
ಹಿಂದಿನ ರಾತ್ರಿ ದಾಳದಲ್ಲಿ ಅದು
ಬೇರೆಯವರ ಲಾಯಕ್ಕೆ ನಡೆದುಹೋಗಿತ್ತು.

ಊರಲ್ಲಿ ಉಳಿದದ್ದು ಗಾಣಗಿತ್ತಿ ವಾಲ್ಬುರ್ಗಾಳ ಶೆಕ್,
ಏಳು ವರ್ಷ ಅಗಸೆ ಗಾಣ ಸುತ್ತಿದ ಮಚ್ಚೆ ಕುದುರೆ.
'ಬಾಡಿಗೆ ಬೇಡ' ಎಂದಳು ಅವಳು, 'ಗೆದ್ದದ್ದರಲ್ಲಿ ಅರ್ಧ.'
'ಗಾಣದವಳಿಗೆ ಪಾಲೇ!' ಎಂದ ಐಟೆಲ್.
'ಹಾಗಾದರೆ ನಡೆದೇ ಹೋಗಿ ತಿವಿಯಿರಿ, ಸ್ವಾಮಿ.'

ಕುದುರೆಗೂ ಕುಲ ಕೇಳಿದರು ದ್ವಾರದಲ್ಲಿ.
ಒಂದು ಕುಡಿಕೆ ದೀಪದೆಣ್ಣೆ ಹಿಡಿದು ಅವಳು ನನ್ನಲ್ಲಿಗೆ ಬಂದಳು.
ನಾನು ಬರೆದೆ:
ತಂದೆ, ದುಂಡುಸೀಮೆಯ ಸಾಮಂತ;
ತಾಯಿ, ಹಿಂಡಿನಾಡಿನ ದೊರೆಸಾನಿ;
ಮನೆತನದ ಬಿರುದು, 'ಹೊರಟಲ್ಲಿಗೇ ಬರುವೆವು.'
ನನ್ನ ಜೀವಮಾನದಲ್ಲಿ ಸುಳ್ಳಿಲ್ಲದೆ ಬರೆದ
ವಂಶಾವಳಿ ಅದೊಂದೇ.

ಕಹಳೆ.
ಎದುರಿಗೆ ದಢೂತಿ ಎಬರ್‌ಹಾರ್ಟ್, ಉಕ್ಕಿನ ಕಣಜ.
ಬೆದರದಿರಲೆಂದು ಕುದುರೆಯ ಕಣ್ಣಿಗೆ
ಅಲ್ಲಿ ತಗಡು ಮುಚ್ಚುವುದು ರೂಢಿ.
ಮುಚ್ಚಿದ್ದೇ ತಡ, ಶೆಕ್‌ಗೆ ಎಲ್ಲ ಅರ್ಥವಾಯಿತು:
ಓಹೋ, ಗಾಣ.

ಮೂರು ಹೆಜ್ಜೆ ನೆಟ್ಟಗೆ ಹೋದವನು
ಎಡಕ್ಕೆ ಹೊರಳಿದ.
ಎಬರ್‌ಹಾರ್ಟ್ ಬರೀ ಗಾಳಿಯನ್ನು ತಿವಿದು
'ಎಲ್ಲಿ? ಎಲ್ಲಿ?' ಎನ್ನುವಷ್ಟರಲ್ಲಿ
ಹಿಂದಿನಿಂದ ಸುತ್ತಿ ಬಂತು ಐಟೆಲನ ಭರ್ಜಿ,
ಗಾಣದ ನೊಗದ ಮರದಂತೆ ಅಡ್ಡಡ್ಡ.
ಕಣಜ ಉರುಳಿತು.
ಜನ ಹೋ ಎಂದರು.
ಶೆಕ್ ನಿಲ್ಲಲಿಲ್ಲ, ಇನ್ನೂ ಎಣ್ಣೆ ಬಿದ್ದಿಲ್ಲವಲ್ಲ!
ಎರಡನೇ ಸುತ್ತಿಗೆ ತೀರ್ಪುಗಾರರ ದ್ರಾಕ್ಷಾರಸದ ಹೂಜಿ.
ಮೂರನೆಯದಕ್ಕೆ ಮಠದ ಹಿರಿಯರ ಟೊಪ್ಪಿ
ಭರ್ಜಿಯ ತುದಿಗೇರಿ
ಪ್ರದಕ್ಷಿಣೆ ಹೊರಟಿತು.

'ನಿಲ್ಲು!' ಎಂದ ಐಟೆಲ್ ಜರ್ಮನ್‌ನಲ್ಲಿ,
ಲ್ಯಾಟಿನ್‌ನಲ್ಲಿ, ಕೊನೆಗೆ ಅಳುವ ದನಿಯಲ್ಲಿ.
ಹದಿನಾರು ಪೂರ್ವಜರಲ್ಲಿ ಒಬ್ಬನಿಗೂ
ಆ ಒಂದು ಮಾತು ಗೊತ್ತಿರಲಿಲ್ಲ.

ಹಗ್ಗದಾಚೆ ರೊಟ್ಟಿ ಸುಡುವವರು, ಚರ್ಮ ಹದ ಮಾಡುವವರು,
ಅವರ ನಡುವೆ ಕಡಲೆ ತಿನ್ನುತ್ತ ವಾಲ್ಬುರ್ಗಾ.
'ದಯಮಾಡಿ ಒಳಗೆ ಬನ್ನಿ' ಎಂದು
ಕೈಮುಗಿದೇ ಕರೆದರು ತೀರ್ಪುಗಾರರು.
ಅವಳಿಗೇನೂ ಅವಸರವಿರಲಿಲ್ಲ.
ಸಿಪ್ಪೆ ಕೊಡವಿ, ಹಗ್ಗದಡಿ ನುಸುಳಿ,
ಸೊಂಟಕ್ಕೆ ಕೈಯಿಟ್ಟು ಕೂಗಿದಳು:
'ಹೋ... ಎಣ್ಣೆ ಬಿತ್ತೋ!'
ಶೆಕ್ ಅಲ್ಲೇ ನಿಂತು
ಒಮ್ಮೆ ಸೀನಿದ.

ಸೋತವನ ಕವಚ ಗೆದ್ದವನಿಗೆ. ಅದು ಕಾನೂನು.
ಅರ್ಧ ಅವಳಿಗೆ. ಅದು ಮಾತು.
ಸೊಂಟದಿಂದ ಕೆಳಗಿನದು ಐಟೆಲನ ಪಾಲಿಗೆ ಬಂತು.
ಎರಡು ಉಕ್ಕಿನ ಕಾಲು ಕಂಕುಳಲ್ಲಿ ಇರುಕಿಕೊಂಡು
ಅವನು ನಡೆದೇ ಊರು ಬಿಟ್ಟದ್ದನ್ನು
ನಾನು ಕಣ್ಣಾರೆ ಕಂಡೆ.

ಎದೆಗವಚದಲ್ಲಿ ಶೆಕ್ ಈಗ ನೀರು ಕುಡಿಯುತ್ತಾನೆ.
ಶಿರಸ್ತ್ರಾಣ ಅಂಗಡಿಯ ಮುಂದೆ ತೂಗುತ್ತದೆ,
ಅಗಸೆ ಅಳೆಯುವುದು ಅದರಲ್ಲೇ.
'ಒಂದು ತಲೆ ಕೊಡಮ್ಮ', 'ನನಗೆ ಒಂದೂವರೆ'
ಎನ್ನುತ್ತಾರೆ ಗಿರಾಕಿಗಳು.
ಕುಲೀನ ತಲೆಯೊಂದಕ್ಕೆ
ಸರಿಯಾಗಿ ಎಷ್ಟು ಹಿಡಿಯುತ್ತದೆಂದು
ನಮ್ಮೂರಲ್ಲಿ ಈಗ
ಕೂಸಿಗೂ ಗೊತ್ತು.