ಅಳತಿ ವಹಿ

ಹುಸೇನಬಿ ಖಾಲಾ ನನಗ ಮೊದಲ ಕಲಿಸಿದ್ದು
ಗುಂಡಿ ಹಚ್ಚೂದಲ್ಲ.
"ಅಳತಿ ಬರಕೋ, ಹೆಸರ ಬರೀಬ್ಯಾಡ" ಅಂದಿದ್ಲು,
ಬಾಯಾಗಿನ ಸೂಜಿ ತಗೀದಽ.

ಅದಕ್ಕ ನನ್ನ ವಹ್ಯಾಗ ಹೆಂಗಸರಿಲ್ಲ.
ಆನಿ ಹೆಜ್ಜಿ ಅದಾಳ, ಎದಿ ಮೂವತ್ತಾರು, ತೋಳು ಸಡಲ.
ತೊಟ್ಟಲ ಅದಾಳ, ವರ್ಷಕ್ಕೊಮ್ಮೆ ಬಗಲ ಹೊಲಿಗಿ ಬಿಚ್ಚೂದು.
ತುಳಸಿ. ನವಿಲು. ಎರಡು ಸೂರ್ಯನಾರಾಯಣ,
ಅಕ್ಕ ತಂಗ್ಯಾರು, ಮಾತಿಲ್ಲ ಅವರೊಳಗ,
ಅಳತಿ ಮಾತ್ರ ಒಂದಽ.
ಖಣದ ಚಿತ್ತಾರದ ಹೆಸರಽ ಅವರ ಹೆಸರು.
ಗುಳೇದಗುಡ್ಡದ ಅರ್ಧ ಊರು ಹಿಂಗ
ನನ್ನ ಮಶಿನ್ನಿನ ಖಾನ್ಯಾಗ ಮಲಗೇತಿ,
ಯಾರ ಹೆಂಡತಿ ಯಾರ ಮಗಳು ಅಂತ ಗೊತ್ತಿಲ್ಲದ.

ಟೇಪು ಹಿಡದ ಕೈಗೆ ಎಲ್ಲಾ ತಿಳಿತೈತಿ.
ಮೂರು ತಿಂಗಳಾತು, ಅತ್ತಿಗೆ ಇನ್ನೂ ಹೇಳಿಲ್ಲ.
ಬೆನ್ನಿನ ಮ್ಯಾಲ ಬಾಸುಂಡೆ,
ಹಿಂದಿನ ಕೊರಳು ಸ್ವಲ್ಪ ಏರಸಕ್ಕ ಅಂತಾಳ.
ಏರಸ್ತೀನಿ. ಕೇಳೂದಿಲ್ಲ.

ದಾಕ್ಷಾಯಣಿ ಟೀಚರು ನವನಗರದ ದವಾಖಾನಿಂದ ಬಂದು
ಎರಡು ತಿಂಗಳ ಮ್ಯಾಲ ಅಂಗಡಿಗೆ ಬಂದ್ರು.
ಶಟರ್ ಅರ್ಧ ಇಳಸು ಅಂದ್ರು.
ಎಡಕ್ಕ ಬಯಲು.
ಟೇಪು ಬಿಟ್ಟು ಹತ್ತಿ ತಗೊಂಡೆ,
ಅರಿವಿ ನಾಕ ಪದರ, ನಡಕ ಒಂದು ಹಿಡಿ ಸಾಸವಿ ತೂಕಕ್ಕ.
ಬರೇ ಹತ್ತಿ ಹಗರ, ಕೈ ಎತ್ತಿ ಬೋರ್ಡಿನ ಮ್ಯಾಲ ಬರದ್ರ
ಮ್ಯಾಲ ಸರೀತೈತಿ.
ಕ್ಯಾದಿಗಿ ಎಸಳು ಅವರ ಗುರುತು. ಅದರ ಮುಂದ
ಬಲಕ್ಕ ಅಂಕಿ ಬರದೆ. ಎಡಕ್ಕ ಬರೀಲಿಲ್ಲ.

ಮಗಳು ವಿದ್ಯಾಶ್ರೀ ಫೋನ್ ತಂದ್ಲು.
"ವಹಿ ಇಲಿ ತಿಂತಾವ ಅವ್ವಾ, ಇದರಾಗ ಹಾಕೂನು.
ಅಂಗಡಿ ಪೇಜ್ ಮಾಡೀನಿ, ಲೈಕ್ ಬರಾಕತ್ತಾವ."
ಅದು ಹೆಸರು ಕೇಳ್ತು. ನಂಬರ್ ಕೇಳ್ತು.
ಫೋಟೋ ನೋಡ್ಲೇನು ಅಂತು, ಮಾತು ಕೇಳ್ಲೇನು ಅಂತು,
ಎಲ್ಲಿ ಹೊಂಟೀದಿ ಹೇಳ್ತೀಯೇನು ಅಂತು.
ಬೀಗರ ಮನಿ ಮುದುಕಿನೂ ಇಷ್ಟು ಕೇಳಂಗಿಲ್ಲ.
"ಅಲೋ ಒತ್ತವ್ವಾ, ಗಿರಾಕಿ ನಿಂತಾರ."
ಒತ್ತಿದೆ.

ಇಪ್ಪತ್ತು ದಿನಕ್ಕ, ಸಾಲಿ ಸ್ಟಾಫ್ ರೂಮಿನ್ಯಾಗ,
ಟೀಚರು ಹೊಸಾ ಸುತ್ತೋಲೆ ತೋರಸಾಕ
ಫೋನ್ ಮೇಜಿನ ಮ್ಯಾಲ ಇಟ್ರಂತ.
ಆರು ಮಂದಿ ಬಗ್ಗಿ ನೋಡಾಕತ್ತಿದ್ರಂತ.
ಸುತ್ತೋಲೆ ಕೆಳಗ ಬಣ್ಣದ ಚಿತ್ರ ಬಂತಂತ:
ಸಿಲಿಕಾನ್ ಮೊಲಿ, ಮೂವತ್ತು ಪರ್ಸೆಂಟ್ ಸೋಡಿ,
ಎಡ ಅಥವಾ ಬಲ ಆರಿಸಿಕೊಳ್ಳಿ,
ಬಾಗಲಕೋಟೆಗೆ ಎರಡೇ ದಿನದಲ್ಲಿ.

"ಯಾರಿಗೆ ಹೇಳೀದಿ?" ಅಂದ್ರು, ಬಾಗಲಾಗ ನಿಂತು.
ಯಾರಿಗೂ ಇಲ್ಲರಿ.
ಖರೇನಽ ಐತಿ. ನಾ ಹೇಳಿಲ್ಲ.
ಒತ್ತೀನಿ, ಅಷ್ಟಽ.
ಇಲ್ಲಾ ದವಾಖಾನಿ ಚೀಟಿ ಹೇಳ್ತೋ, ಔಷಧಿ ಅಂಗಡಿ ಹೇಳ್ತೋ,
ನಿದ್ದಿ ಬರಲಾರದ ರಾತ್ರಿ ತಮ್ಮ ಫೋನಿಗೇ
ಏನರ ಕೇಳಿದ್ರೋ.
ಕಳ್ಳಗ ಕಾಲಿದ್ರ ಬೂದಿ ಚೆಲ್ಲಿ ಹೆಜ್ಜಿ ನೋಡಬಹುದು.
ಇದಕ್ಕ ಕಾಲಿಲ್ಲ.

ಆ ರಾತ್ರಿ ಎಲ್ಲಾ ತಗಿ ಅಂದೆ. ತಗದ್ಲು.
"ನಮ್ಮ ಫೋನಿಂದ ಹೋತವ್ವಾ" ಅಂದ್ಲು.
"ನಮ್ಮ" ಅನ್ನೂದನ್ನ ಒತ್ತಿ ಅಂದ್ಲು.
ಅರಿವಿ ಮ್ಯಾಲ ಸೀಮಿಸುಣ್ಣದ ಗೆರಿ
ಎರಡ ಸಲ ಝಾಡಿಸಿದರ ಹೋಗ್ತಿತ್ತು.

ಟೀಚರು ಬಾದಾಮಿಗೆ ಹೋಗಿ ಹೊಲಿಸ್ತಾರಂತ ಕೇಳ್ದೆ.
ಅಲ್ಲಿಯವರಿಗೆ ಸಾಸವಿ ಗೊತ್ತಿರಲಿಕ್ಕಿಲ್ಲ.
ದಿನಾ ಅದಽ ಚಿಂತಿ.

ಮೊನ್ನೆ ದೀಪ ಹಚ್ಚೂ ಹೊತ್ತಿಗೆ ಬಂದ್ರು.
ಫೋನ್ ಸ್ಕೂಟಿ ಡಿಕ್ಕ್ಯಾಗ ಹಾಕಿ ಕೀಲಿ ಕೈಯಾಗ ಹಿಡದಿದ್ರು.
ನಾನೂ ನಂದನ್ನ ಹಿಟ್ಟಿನ ಡಬ್ಬ್ಯಾಗ ಹಾಕಿ ಮುಚ್ಚಿದೆ.
ಖಣ ಮುಂದ ಚಾಚಿದ್ರು.
ಶಟರ್ ನಾನಽ ಇಳಸಿದೆ.
"ಬಾದಾಮೀದು ಸರೀತೈತೇನ್ರಿ?"
"ಹೂಂ."

ಡಬ್ಬ್ಯಾಗ ಗುಂಯ್ ಅಂತು ಏನೋ.
ನಾವಿಬ್ಬರೂ ಆ ಕಡೆ ನೋಡಲಿಲ್ಲ.
ವಹಿ ತಗದಿದ್ದೆ, ಹಂಗಽ ಮುಚ್ಚಿದೆ.
ಕೈಲೆ ಅಳದೆ.
ಒಂದು ಗೇಣು, ಮ್ಯಾಲ ನಾಕ ಬೆರಳು.